ಗಜನಿಯ ಸಂಸಾರ

ಸಹ್ಯಾದ್ರಿಯಲ್ಲಿ ಹುಟ್ಟಿ, ಎಲ್ಲಿಯೂ ದೊಡ್ಡ ಅಣೆಕಟ್ಟಿನ ತಡೆಯಿಲ್ಲದೆ ಹರಿದು, ಕುಮಟೆಯ ಬಳಿ ಸಮುದ್ರವನ್ನು ಕೂಡುವ ಅಘನಾಶಿನಿಯ ಅಳಿವೆಯಲ್ಲಿ, ಉಬ್ಬರದ ಉಪ್ಪುನೀರು ಏರಿಬರುವ ತಗ್ಗು ಬಯಲುಗಳಿಗೆ ಗಜನಿಯೆಂದು ಹೆಸರು. ಬೇಸಾಯವನ್ನೂ ಮೀನುಗಾರಿಕೆಯನ್ನೂ ಭಿನ್ನ ವೃತ್ತಿಗಳೆಂದು ಎಣಿಸಿರುವ ನಮಗೆ, ಮಾಣಿಕಟ್ಟಾದಂತಹ ಊರುಗಳಲ್ಲಿ ಒಂದೇ ನೆಲವು ಮಳೆಗಾಲದಲ್ಲಿ ಗದ್ದೆಯಾಗಿಯೂ ತರುವಾಯ ಮೀನಿನ ಕೆರೆಯಾಗಿಯೂ ಸಂಸಾರವನ್ನು ಪೊರೆಯುವ ಕ್ರಮವು ವಿಸ್ಮಯವನ್ನುಂಟುಮಾಡದಿರದು.

ಮುಂಗಾರಿನ ಮೊದಲ ಧಾರೆಗಳು ಮಣ್ಣಿನ ಲವಣವನ್ನು ತೊಳೆದೊಡನೆ, ತೂಬನ್ನು ಮುಚ್ಚಿ, ಕಗ್ಗವೆಂಬ ಭತ್ತದ ಮೊಳಕೆಯೊಡೆದ ಬೀಜವನ್ನು ಎರಚುತ್ತಾರೆ. ಉಪ್ಪನ್ನೂ ಕೆಲವು ದಿನಗಳ ಮುಳುಗಡೆಯನ್ನೂ ಸಹಿಸುವ ಈ ಎತ್ತರದ ಭತ್ತಕ್ಕೆ ಗೊಬ್ಬರದ ಹಂಗಿಲ್ಲ. ಕಡಲು ಕೆರಳಿ, ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರಿಕ ದೋಣಿಗಳಿಗೆ ನಿಷೇಧವಿರುವ ದಿನಗಳೇ ಬಿತ್ತನೆಯ ದಿನಗಳೂ ಆಗಿರುವುದರಿಂದ, ಬಲೆ ಹಿಡಿದ ಕೈಗಳು ಗದ್ದೆಗೆ ದೊರೆಯುತ್ತವೆ.

ಕೊಯ್ಲಿನಲ್ಲಿ ತೆನೆಯನ್ನಷ್ಟೇ ಕೊಯ್ದು ಹುಲ್ಲನ್ನು ನಿಲ್ಲಿಸುತ್ತಾರೆ. ತೂಬಿನ ಹಲಗೆಗಳನ್ನೆತ್ತಿದಾಗ ಉಬ್ಬರದೊಡನೆ ನುಗ್ಗುವ ಸಿಗಡಿ, ಮೀನುಮರಿಗಳಿಗೆ ಆ ಕೊಳೆತ ಹುಲ್ಲೇ ಆಹಾರ. ಇಳಿತದ ವೇಳೆ ತೂಬಿನ ಬಾಯಿಗೆ ಬಲೆಯನ್ನು ಕಟ್ಟಿದರೆ, ಹೊರಗೋಡುವ ನೀರು ತಾನೇ ಬೇಟೆಯನ್ನು ತಂದೊಪ್ಪಿಸುತ್ತದೆ. ಹೆಂಗಸರು ಸಿಗಡಿಯನ್ನು ಗಾತ್ರಾನುಸಾರ ವಿಂಗಡಿಸಿ ಬುಟ್ಟಿಗೆ ತುಂಬುತ್ತಾರೆ. ಉಳಿದ ಹೊತ್ತಿನಲ್ಲಿ ಹೊಳೆಯ ಕೆಸರಿನಲ್ಲಿ ಬಳಚೆಂಬ ಚಿಪ್ಪುಜೀವಿಯನ್ನು ಹೆಕ್ಕಿ ಮನೆಗೂ ಪೇಟೆಗೂ ಒದಗಿಸುತ್ತಾರೆ. ಈ ದುಡಿಮೆ ಲೆಕ್ಕದ ಪುಸ್ತಕಗಳಲ್ಲಿ ವಿರಳವಾಗಿ ಕಾಣುವುದು ನನಗೆ ದೊಡ್ಡ ಅನ್ಯಾಯವೆನಿಸುತ್ತದೆ.

ಇಷ್ಟೆಲ್ಲವನ್ನೂ ಹೊತ್ತುನಿಂತಿರುವುದು ಮಣ್ಣಿನ ಒಡ್ಡು. ಅದು ಒಡೆದರೆ ಉಪ್ಪುನೀರು ಎಲ್ಲರ ಗದ್ದೆಗೂ ನುಗ್ಗುವುದರಿಂದ, ಒಡ್ಡಿನೊಳಗಿನ ಸಮಸ್ತರೂ ಕೂಡಿ ದುರಸ್ತಿ ಮಾಡಬೇಕು, ಕೂಡಿಯೇ ತೂಬು ಮುಚ್ಚಬೇಕು. ಒಬ್ಬನೇ ಕಗ್ಗ ಬಿತ್ತುವೆನೆಂದರೆ ನಡೆಯದು. ಕಳೆದ ಶತಮಾನದ ಕೊನೆಯ ದಶಕಗಳಲ್ಲಿ ಸಿಗಡಿಯ ಬೆಲೆಯೇರಿ, ಗಜನಿಗಳು ವರ್ಷವಿಡೀ ಸಿಗಡಿಗೆ ಮೀಸಲಾದೆಡೆಗಳಲ್ಲಿ ಈ ಒಪ್ಪಂದ ಸಡಿಲಿತು; ಒಡ್ಡುಗಳು ಬಿರಿದವು, ಕಗ್ಗವೂ ಹಿಂಜರಿಯಿತು. ಅಳಿವೆಯು 2024ರಲ್ಲಿ ಅಂತರರಾಷ್ಟ್ರೀಯ ಮಹತ್ವದ ರಾಮ್ಸಾರ್ ಜೌಗುಪ್ರದೇಶವೆಂದು ಮನ್ನಣೆ ಪಡೆದಿರುವುದು ಸಂತೋಷದ ಸಂಗತಿ. ಆದರೆ ಕೃಷಿಗೊಂದು, ಮೀನಿಗೊಂದು ಎಂದು ನೆರವನ್ನು ಸೀಳಿ ಕೊಡುವ ಯೋಜನೆಯಿಂದ ಈ ಸಂಸಾರಗಳಿಗೆ ಪ್ರಯೋಜನ ಅಲ್ಪ. ಮೊದಲ ಹಣವು ಒಡ್ಡಿಗೂ ತೂಬಿಗೂ, ಮಳೆಗಾಲಕ್ಕೆ ಮುನ್ನವೇ, ಊರವರ ಕೈಸೇರಬೇಕು.