ಕೊಂಡು ಓದುವ ಮಾತು

(ಸದಸ್ಯರ ಬರಹಗಳ ಸಂಕಲನ ಹೊರಬಂದ ಸಂದರ್ಭದಲ್ಲಿ, ಮುಂಬಯಿಯ ನಮ್ಮ ವಾಚನಾಲಯದ ಭಾನುವಾರದ ಕೂಟದಲ್ಲಿ ಮಾಡಿದ ಭಾಷಣ)



ಉಚಿತ ವಾಚನಾಲಯದಲ್ಲಿ ನಿಂತುಕೊಂಡು ‘ಕಾಸು ಕೊಟ್ಟು ಪುಸ್ತಕ ಕೊಳ್ಳಿರಿ’ ಎನ್ನುವುದು ತಮಗೆ ವಿಚಿತ್ರವಾಗಿ ಕಂಡೀತು. ಇಲ್ಲಿ ಪತ್ರಿಕೆಗೆ ಕಾಸಿಲ್ಲ, ಕುರ್ಚಿಗೆ ಕಾಸಿಲ್ಲ, ಫ್ಯಾನಿನ ಗಾಳಿಗೂ ಕಾಸಿಲ್ಲ. ಅದು ನಮ್ಮ ಹೆಮ್ಮೆಯೂ ಹೌದು. ಆದರೂ ಈ ದಿನ ನಾವು ಕೈಚಾಚಿಕೊಂಡೇ ಬಂದಿದ್ದೇವೆ. ನಮ್ಮ ಸಂಘದ 23 ಮಂದಿ ಸದಸ್ಯರು ಬರೆದ ಕಥೆ, ಕವಿತೆ, ನೆನಪುಗಳ ಸಂಕಲನವೊಂದು ಮೊನ್ನೆ ಅಚ್ಚಾಗಿ ಬಂದಿದೆ. 160 ಪುಟ, ಬೆಲೆ 150 ರೂಪಾಯಿ. ಪ್ರಕಾಶಕರು ಯಾರೆಂದರೆ, ನಾವೇ.

ಬರೆದವರಲ್ಲಿ ಸಾಹಿತಿಯೆಂಬ ಹಣೆಪಟ್ಟಿ ಹೊತ್ತವರು ಒಬ್ಬರೂ ಇಲ್ಲ. ಹೋಟೆಲಿನ ಅಡಿಗೆಯವರಿದ್ದಾರೆ, ಬ್ಯಾಂಕಿನ ಗುಮಾಸ್ತರಿದ್ದಾರೆ, ರಾತ್ರಿ ಪಾಳಿಯ ದಾದಿಯರಿಬ್ಬರಿದ್ದಾರೆ, ಕಲಬುರಗಿ ಕಡೆಯಿಂದ ಬಂದು, ಬೆಳಗಾಗುತ್ತಲೆ ನಾಕಾದಲ್ಲಿ ನಿಂತು ದಿನಗೂಲಿ ಹಿಡಿಯುವ ಗೌಂಡಿಯೊಬ್ಬರಿದ್ದಾರೆ. ಅವರ ಹೆಸರುಗಳನ್ನು ಇಲ್ಲಿ ಹೇಳುವುದಿಲ್ಲ. ಪುಸ್ತಕದಲ್ಲಿ ದಪ್ಪಕ್ಷರದಲ್ಲಿವೆ, ಅಲ್ಲಿಯೇ ನೋಡಬೇಕು.

ಅಡಿಗೆಯವರ ಬರಹದ ವಿಷಯ ಸ್ವಲ್ಪ ಹೇಳಲೇಬೇಕು. ಹದಿನಾಲ್ಕನೆಯ ವಯಸ್ಸಿಗೆ ಕರಾವಳಿಯಿಂದ ಬಂದವರು ಅವರು. ಹಗಲೆಲ್ಲ ಗ್ಲಾಸು ತೊಳೆದು, ಸಂಜೆ ಫೋರ್ಟಿನ ಕನ್ನಡ ರಾತ್ರಿ ಶಾಲೆಯಲ್ಲಿ ಕುಳಿತು ಅಕ್ಷರ ಗಟ್ಟಿಮಾಡಿಕೊಂಡರು. ನಮ್ಮಲ್ಲಿ ಹಲವರಿಗೆ ಆ ಶಾಲೆಗಳ ಋಣವಿದೆ. ಕಲಿತ ಅಕ್ಷರದಿಂದ ಮೊದಲು ಬರೆದದ್ದು ತಾಯಿಗೆ ಪತ್ರ. ತಾಯಿಗೆ ಓದು ಬಾರದು, ನೆರೆಮನೆಯವರು ಓದಿಹೇಳಬೇಕು. ಆದುದರಿಂದ ನೆರೆಮನೆಯವರು ಕೇಳಬಹುದಾದುದನ್ನು ಮಾತ್ರ ಬರೆಯುತ್ತಿದ್ದರಂತೆ: ಕ್ಷೇಮ, ಊಟ ಚೆನ್ನಾಗಿದೆ, ಹಣ ಕಳಿಸಿದ್ದೇನೆ. ಬರೆಯದೆ ಉಳಿದದ್ದು ಇಷ್ಟು ವರ್ಷಗಳ ಮೇಲೆ ಆರು ಪುಟವಾಗಿ ಬಂದಿದೆ. ಓದಿ ಹೇಳಿಸಿಕೊಳ್ಳಲು ತಾಯಿ ಈಗಿಲ್ಲ.

ಇನ್ನೊಂದು ಬರಹ ಗಿರಣಿ ಕೆಲಸಗಾರರೊಬ್ಬರ ಹೆಂಡತಿಯದು. ಸಂಪು ಶುರುವಾದ ದಿನ ಆಕೆಗೆ ನೆನಪಿದೆ. 1982ರ ಜನವರಿ 18. ಮುಗಿದ ದಿನ ಯಾವುದೆಂದು ಇಂದಿಗೂ ಯಾರೂ ಹೇಳಲಿಲ್ಲ ಎನ್ನುತ್ತಾರೆ. ನಿಜವೇ ಅಲ್ಲವೆ? ಆ ಸಂಪನ್ನು ನಿಲ್ಲಿಸಿದೆವೆಂದು ಯಾರೂ ಸಾರಲಿಲ್ಲ. ಆ ದಿನಗಳಲ್ಲಿ ಖೋಲಿಯ ಪಾತ್ರೆಗಳು ಒಂದೊಂದಾಗಿ ಹೊರಟುಹೋದ ಕ್ರಮವನ್ನು ಆಕೆ ಬರೆದಿದ್ದಾರೆ. ಕಣ್ಣೀರಿನ ಮಾತು ಎಲ್ಲಿಯೂ ಇಲ್ಲ. ಪಾತ್ರೆಯ ಲೆಕ್ಕವಷ್ಟೆ ಇದೆ. ಗಿರಣಿಗಳ ವಿಷಯ ದೊಡ್ಡ ದೊಡ್ಡ ಗ್ರಂಥಗಳಿರಬಹುದು, ಈ ಲೆಕ್ಕ ಅವುಗಳಲ್ಲಿ ಸಿಗಲಾರದು.

ಎಲ್ಲವೂ ಇದೇ ತೂಕದವು ಎಂದು ನಾವು ಹೇಳುವುದಿಲ್ಲ. ಕೆಲವು ಕವಿತೆಗಳು ಸಪ್ಪೆಯಾಗಿವೆ. ತಾಯ್ನಾಡು, ತೆಂಗಿನ ಮರ, ಕೋಗಿಲೆ ಎಂದು ಬರೆದವು ಯಾರು ಬರೆದರೂ ಹಾಗೆಯೇ ಇರುತ್ತವೆ. ಅಂಥವು ರಾಶಿಯಾಗಿ ಬಂದಿದ್ದುವು, ಕೆಲವನ್ನಷ್ಟೆ ಉಳಿಸಿಕೊಂಡೆವು. ಅದೇ ಕವಿಗಳನ್ನು ಕೂರಿಸಿಕೊಂಡು, ‘ನಿಮ್ಮ ಕಚೇರಿಯ ಬಗ್ಗೆ ಬರೆಯಿರಿ, ಲೋಕಲ್ ಗಾಡಿಯ ಬಾಗಿಲಿನ ಬಗ್ಗೆ ಬರೆಯಿರಿ’ ಎಂದಾಗ ಬಂದ ಸಾಲುಗಳೇ ಬೇರೆ.

ಭಾಷೆಯ ವಿಷಯದಲ್ಲಿ ಸಂಪಾದಕ ಮಂಡಳಿಯಲ್ಲಿ ಜಗಳವೇ ಆಯಿತು. ಗೌಂಡಿಯವರು ‘ಹೊಂಟೀವಿ’ ಎಂದು ಬರೆದರೆ ಅದನ್ನು ‘ಹೊರಟಿದ್ದೇವೆ’ ಎಂದು ತಿದ್ದಬೇಕೆ? ತಿದ್ದದಿದ್ದರೆ ಊರಲ್ಲಿ ನಗುತ್ತಾರೆ ಎಂದು ಒಬ್ಬರು, ತಿದ್ದಿದರೆ ಬರೆದವರೇ ನಗುತ್ತಾರೆ ಎಂದು ಇನ್ನೊಬ್ಬರು. ಕಡೆಗೆ ಕಾಗುಣಿತ ಮಾತ್ರ ತಿದ್ದಿದೆವು, ಮಾತನ್ನು ಮುಟ್ಟಲಿಲ್ಲ. ಖೋಲಿ, ಚಾಳು, ನಾಕಾ ಇವೆಲ್ಲ ಹಾಗೆಯೇ ಉಳಿದಿವೆ. ಅವು ನಮ್ಮ ಬಾಯಲ್ಲಿ ಸವೆದು ಕನ್ನಡವೇ ಆಗಿವೆ.

ಇನ್ನೊಂದು ಮಾತು. ಪುಟಕ್ಕೆ ಇಷ್ಟೆಂದು ಲೇಖಕರಿಂದಲೇ ಹಣ ಪಡೆದು ಸಂಕಲನ ತರುವ ಪದ್ಧತಿ ಅಲ್ಲಲ್ಲಿ ಇದೆ. ನಾವು ಅದಕ್ಕೆ ಒಪ್ಪಲಿಲ್ಲ. ಹಾಗೆ ಮಾಡಿದ್ದರೆ ನಾಲ್ಕು ಮಂದಿ ಅಧಿಕಾರಿಗಳ ಕವಿತೆಗಳು ನೂರು ಪುಟ ತುಂಬುತ್ತಿದ್ದುವು, ಗೌಂಡಿಯವರಿಗೆ ಅರ್ಧ ಪುಟವೂ ಸಿಗುತ್ತಿರಲಿಲ್ಲ.

‘ದೊಡ್ಡ ಪ್ರಕಾಶಕರು ಒಪ್ಪದ ಪುಸ್ತಕವನ್ನು ನಾವೇಕೆ ಕೊಳ್ಳಬೇಕು?’ ಎಂದು ಮೊನ್ನೆ ಒಬ್ಬರು ಕೇಳಿದರು. ಕನ್ನಡದ ಪುಸ್ತಕ ಬೆಳೆದ ಬಗೆಯನ್ನು ಅವರು ಸ್ವಲ್ಪ ನೋಡಬೇಕು. ಗಳಗನಾಥರು (1869–1942) ತಮ್ಮ ಕಾದಂಬರಿಗಳ ಗಂಟನ್ನು ತಾವೇ ಹೊತ್ತು ಊರೂರು ತಿರುಗಿ ಮಾರಿದರು. 1919ರಲ್ಲಿ ‘ಪ್ರಬುದ್ಧ ಕರ್ನಾಟಕ’ವನ್ನು ಹೊರಡಿಸಿದುದು ಬೆಂಗಳೂರಿನ ಸೆಂಟ್ರಲ್ ಕಾಲೇಜಿನ ಕರ್ನಾಟಕ ಸಂಘ, ಅದೂ ನಮ್ಮದರಂತೆ ಒಂದು ಸಂಘವೇ. 1933ರಲ್ಲಿ ಧಾರವಾಡದಲ್ಲಿ ಜಿ. ಬಿ. ಜೋಶಿಯವರು ಆರಂಭಿಸಿದ ಮನೋಹರ ಗ್ರಂಥಮಾಲೆ ಚಂದಾದಾರರ ಬಲದಿಂದ ನಿಂತಿತು. ಓದುವವರು ಮೊದಲು ಹಣ ಕೊಟ್ಟರು, ಆಮೇಲೆ ಪುಸ್ತಕ ಬಂತು. ಈ ನಮ್ಮ ಮುಂಬಯಿಯಲ್ಲಿಯೇ ಯಶವಂತ ಚಿತ್ತಾಲರೂ ವ್ಯಾಸರಾಯ ಬಲ್ಲಾಳರೂ ನೌಕರಿಯ ಜೊತೆಜೊತೆಗೆ ಬರೆದವರು. ನಮ್ಮ 23 ಮಂದಿಯಲ್ಲಿ ಅಂಥವರು ಇದ್ದಾರೆಂದು ಹೇಳುವ ಧೈರ್ಯ ನಮಗಿಲ್ಲ. ಇಲ್ಲವೆನ್ನುವ ಅಧಿಕಾರವೂ ಇಲ್ಲ.

ಒಂದು ಸಂತೋಷದ ವಿಷಯ ಹೇಳುತ್ತೇವೆ. 1954ರ ಪುಸ್ತಕ ಸಲ್ಲಿಕೆಯ ಕಾಯಿದೆಯ ಪ್ರಕಾರ, ಪ್ರಕಾಶಕನಾದವನು ಪುಸ್ತಕ ಹೊರಬಂದ 30 ದಿನಗಳೊಳಗೆ ತನ್ನ ಖರ್ಚಿನಲ್ಲಿ ಕೋಲ್ಕತ್ತದ ರಾಷ್ಟ್ರೀಯ ಗ್ರಂಥಾಲಯಕ್ಕೆ ಒಂದು ಪ್ರತಿ ಕಳಿಸಬೇಕು. ಚೆನ್ನೈ, ಮುಂಬಯಿ, ದೆಹಲಿಗಳ ಗ್ರಂಥಾಲಯಗಳಿಗೂ ಒಂದೊಂದು. ದೊಡ್ಡ ಪ್ರಕಾಶಕ, ಸಣ್ಣ ಪ್ರಕಾಶಕ ಎಂಬ ಭೇದವನ್ನು ಕಾಯಿದೆ ಮಾಡುವುದಿಲ್ಲ. ನಾಲ್ಕು ಕಟ್ಟುಗಳನ್ನೂ ಕಟ್ಟಿ ಇಟ್ಟಿದ್ದೇವೆ. ಅವುಗಳ ಮೇಲೆ ವಿಳಾಸ ಬರೆದವರು ಅಡಿಗೆಯವರೇ. ‘ನೆರೆಮನೆಯವರು ಓದುವ ವಿಳಾಸ ಅಲ್ಲ ತಾನೆ?’ ಎಂದು ನಗುತ್ತ ಕೇಳಿದರು.

ಇನ್ನು ಲೆಕ್ಕ. 500 ಪ್ರತಿ ಅಚ್ಚಾಗಿವೆ. ಖರ್ಚು 45,000 ರೂಪಾಯಿ. ಅದನ್ನು ಐದಾರು ಮಂದಿ ಸದಸ್ಯರು ಕೈಗಡವಾಗಿ ಕೊಟ್ಟಿದ್ದಾರೆ. ಅವರಲ್ಲಿ ಒಬ್ಬರ ಮಗಳ ಮದುವೆ ಮುಂದೆಯೇ ಇದೆ. ಗ್ರಂಥಾಲಯಗಳಿಗೆ 4, ಲೇಖಕರಿಗೆ ತಲಾ ಎರಡರಂತೆ 46 ಹೋದರೆ ಉಳಿಯುವುವು 450. ಇವುಗಳಲ್ಲಿ 300 ಮಾರಾಟವಾದರೆ ಕೈಗಡ ತೀರುತ್ತದೆ. ಉಳಿದ 150 ಪ್ರತಿಗಳ ಹಣ ಮುಂದಿನ ಸಂಕಲನದ ಬಂಡವಾಳ. 300 ಮುಟ್ಟದಿದ್ದರೆ ಮುಂದಿನ ಸಂಕಲನವಿಲ್ಲ. ನಮ್ಮ ಗೌಂಡಿಯವರು ಎರಡನೆಯ ಕಥೆಯನ್ನು ಮೊಬೈಲಿನಲ್ಲಿ ಆಗಲೇ ಅರ್ಧ ಬರೆದಿದ್ದಾರೆ, ನೆನಪಿರಲಿ.

ಆದುದರಿಂದ ಗೌರವ ಪ್ರತಿ ಯಾರಿಗೂ ಇಲ್ಲ. ಅಧ್ಯಕ್ಷರಿಗೂ ಇಲ್ಲ, ಅವರು ಮೊದಲ ರಸೀದಿಯನ್ನೇ ಹರಿಸಿಕೊಂಡಿದ್ದಾರೆ. ಒಂದೇ ಸಲ 150 ರೂಪಾಯಿ ಕೊಡುವುದು ಕಷ್ಟವಾದವರು ವಾರಕ್ಕೆ 30ರಂತೆ ಐದು ವಾರ ಕೊಡಬಹುದು. ಪುಸ್ತಕವನ್ನು ಮೊದಲ ವಾರವೇ ಒಯ್ಯಬಹುದು. ಒಂದು ಖೋಲಿಯಲ್ಲಿರುವ ಮೂವರು ಕೂಡಿ ಒಂದು ಪ್ರತಿ ಕೊಂಡರೂ ಸರಿಯೇ. ಅದೂ ಆಗದವರು ಸಂಕೋಚಪಡಬೇಕಾದುದಿಲ್ಲ. ಮೇಜಿನ ಮೇಲೆ ಎರಡು ಪ್ರತಿಗಳು ಸದಾ ಇರುತ್ತವೆ. ಅವಕ್ಕೆ ಕಾರ್ಯದರ್ಶಿಗಳು ತಮ್ಮ ಜೇಬಿನಿಂದ ಹಣ ಕಟ್ಟಿದ್ದಾರೆ.

ಒಂದೇ ಬೇಡಿಕೆ. ‘ಪಾಪ, ನಮ್ಮವರು’ ಎಂದು ಕೊಂಡು ಹೋಗಿ ಟ್ರಂಕಿನ ಮೇಲೆ ಇಡಬೇಡಿರಿ. ಓದಿರಿ, ಓದಿ ಬಂದು ಬರೆದವರ ಮುಖದೆದುರೇ ಹೇಳಿರಿ: ಇದು ಚೆನ್ನಾಗಿದೆ, ಇದು ಸುಳ್ಳು ಎಂದು. ಮುಂದಿನ ತಿಂಗಳ ಮೊದಲ ಭಾನುವಾರ ಬೆಳಿಗ್ಗೆ ಹತ್ತಕ್ಕೆ ಪಾಳಿ ಇಲ್ಲದ ಲೇಖಕರೆಲ್ಲ ಇಲ್ಲಿಯೇ ಕುಳಿತಿರುತ್ತಾರೆ. ಪುಸ್ತಕದ ಕಟ್ಟು ಕಿಟಕಿಯ ಬಳಿ ಇದೆ, ರಸೀದಿ ಪುಸ್ತಕ ಗ್ರಂಥಪಾಲಕರ ಹತ್ತಿರ ಇದೆ. ಐನೂರರ ನೋಟಿಗೆ ಅವರಲ್ಲಿ ಚಿಲ್ಲರೆ ಇಲ್ಲ. ದಯಮಾಡಿ ಚಿಲ್ಲರೆ ತನ್ನಿರಿ.