ಅವ್ವನ ಕೋಳಿಗಳ ಲೆಕ್ಕ
(ಸಂಘದ ರಾಜ್ಯೋತ್ಸವ ಸಭೆಯಲ್ಲಿ ಮಾಡಿದ ಭಾಷಣ)



ಈ ಸಭೆಯಲ್ಲಿ ನಾಲ್ಕು ಮಾತು ಆಡಬೇಕೆಂದು ಕಾರ್ಯದರ್ಶಿಗಳು ಅಪ್ಪಣೆ ಮಾಡಿದಾಗ ನಾವು ಹೌಹಾರಿದೆವು. ನಾಡುನುಡಿಗಳ ವಿಷಯವಾಗಿ ಮಾತನಾಡಲು ಪಂಡಿತರಿದ್ದಾರೆ. ನಾವಾದರೋ ಬ್ಯಾಂಕಿನ ಗುಮಾಸ್ತರು, ಓದಿದ್ದು ಬಿ.ಕಾಂ.; ದಿನವೆಲ್ಲ ನೋಡುವುದು ಜಮಾ ಮತ್ತು ಖರ್ಚು. "ನಿಮಗೆ ತಿಳಿದದ್ದನ್ನೇ ಹೇಳಿ" ಎಂದರು. ಯೋಚಿಸಿ ನೋಡಲಾಗಿ, ಲೆಕ್ಕಪತ್ರವನ್ನು ಬಿಟ್ಟರೆ ನಮಗೆ ಚೆನ್ನಾಗಿ ತಿಳಿದದ್ದು ಒಂದೇ ಒಂದು: ಕೋಳಿ. ಸಭೆಯಲ್ಲಿ ಸಸ್ಯಾಹಾರಿಗಳು ಬಹಳ ಮಂದಿ ಇದ್ದೀರಿ. ಹೆದರಬೇಡಿ. ನಾವು ಸಾಕಣೆಯ ಮಾತನ್ನಷ್ಟೇ ಆಡುತ್ತೇವೆ, ಸಾರಿನ ಮಾತು ಎತ್ತುವುದಿಲ್ಲ.

"ನಾವು" ಎನ್ನುವುದು ದೊಡ್ಡಸ್ತಿಕೆಯಿಂದಲ್ಲ. ತುಮಕೂರು ಜಿಲ್ಲೆಯ ಚಿಕ್ಕನಾಯಕನಹಳ್ಳಿ ಸೀಮೆಯ ನಮ್ಮ ಮನೆಯಲ್ಲಿ ಕೋಳಿಯ ಕೆಲಸ ಯಾರೊಬ್ಬರದೂ ಆಗಿರಲಿಲ್ಲ. ಅವ್ವ ಯಜಮಾನಿ, ಅಕ್ಕ, ತಮ್ಮ, ನಾವು ಆಳುಗಳು. ಅಪ್ಪನಿಗೆ ಮಾತ್ರ ತೆಂಗಿನ ತೋಟವೇ ಲೋಕ. ಕೋಳಿಯ ದುಡ್ಡಿಗೆ ಅವರು ಕೈ ಹಾಕುತ್ತಿರಲಿಲ್ಲ. ಕೋಳಿಯ ಗೊಬ್ಬರವನ್ನು ಮಾತ್ರ ಬಿಡುತ್ತಿರಲಿಲ್ಲ.

ನಾಟಿ ಕೋಳಿ ಸಾಕುವುದೆಂದರೆ ಅದಕ್ಕೆ ಬಂಡವಾಳ ಬೇಡ, ತಾನೇ ಮೇಯ್ದುಕೊಂಡು ತಾನೇ ಬೆಳೆಯುತ್ತದೆ ಎಂದು ಪೇಟೆಯವರು ತಿಳಿದಿದ್ದಾರೆ. ಅರ್ಧ ನಿಜ. ಬೆಳಗಿನ ಜಾವ ಹುಂಜ ಕೂಗಿದ ಮೇಲೆ ಗೂಡಿನ ಬಾಗಿಲು ತೆಗೆದರೆ ಅವು ನೇರವಾಗಿ ತಿಪ್ಪೆಗೆ ಹೋಗುತ್ತವೆ. ಹುಳ, ಚಿಗುರು, ಕಣದಲ್ಲಿ ಬಿದ್ದ ರಾಗಿ, ಇಷ್ಟರಲ್ಲೇ ಹೊಟ್ಟೆ ತುಂಬುತ್ತದೆ. ಆದರೆ ಮರಿಗಳಿಗೆ ಅದು ಸಾಲದು. ಅವುಗಳಿಗೆ ನುಚ್ಚು ಬೇಕು. ಅದಕ್ಕಿಂತ ಹೆಚ್ಚಾಗಿ ಗೆದ್ದಲು ಬೇಕು. ಹಳೆಯ ಮಡಕೆಗೆ ಒಣಸಗಣಿ, ಹರಕು ಗೋಣಿಚೀಲ ತುಂಬಿ, ನೀರು ಚಿಮುಕಿಸಿ, ಸಂಜೆ ಹುತ್ತದ ಬಳಿ ಬೋರಲು ಹಾಕಿ ಬರುವುದು ತಮ್ಮನ ಕೆಲಸ. ಬೆಳಿಗ್ಗೆ ಎತ್ತಿ ನೋಡಿದರೆ ಗೆದ್ದಲು ಮುತ್ತಿರುತ್ತಿತ್ತು. ಅಂಗಳದಲ್ಲಿ ಕೊಡವಿದರೆ ಮರಿಗಳು ಕಿಚಿಪಿಚಿಯೆಂದು ಮುಗಿಬೀಳುತ್ತಿದ್ದವು.

ಕಾವಿಗೆ ಕೂರಿಸುವುದು ಅವ್ವನ ಕೈಕೆಲಸ. ಬೇರೆಯವರು ಮುಟ್ಟುವ ಹಾಗಿಲ್ಲ. ಹ್ಯಾಟೆ ಹನ್ನೆರಡೋ ಹದಿನೈದೋ ಮೊಟ್ಟೆಯಿಟ್ಟು, ಗರಿ ಕೆದರಿಕೊಂಡು, ಹತ್ತಿರ ಹೋದರೆ ಕೊರ್ರೆನ್ನುತ್ತಾ ಕುಕ್ಕತೊಡಗಿದರೆ ಅದಕ್ಕೆ ಕಾವು ಬಂದಿದೆಯೆಂದು ಅರ್ಥ. ಮಂಕರಿಗೆ ಹುಲ್ಲು ಹಾಸಿ, ಹತ್ತು ಹನ್ನೊಂದು ಮೊಟ್ಟೆ ಜೋಡಿಸಿ, ಗುಡುಗಿಗೆ ಮೊಟ್ಟೆ ಕೆಡಬಾರದೆಂದು ಒಂದು ತುಂಡು ಕಬ್ಬಿಣವನ್ನೂ ಇದ್ದಿಲನ್ನೂ ಪಕ್ಕದಲ್ಲಿಡುತ್ತಿದ್ದರು. ಕಬ್ಬಿಣದಿಂದ ಏನಾಗುತ್ತಿತ್ತೋ ಕಾಣೆವು. ಇಪ್ಪತ್ತೊಂದನೆಯ ದಿನ ಮಾತ್ರ ಮರಿ ತಪ್ಪುತ್ತಿರಲಿಲ್ಲ.

ಬಿ.ಕಾಂ. ಓದುವಾಗ ನಾವು ಇದಕ್ಕೊಂದು ಲೆಕ್ಕದ ಪುಸ್ತಕ ತೆರೆದೆವು. ಹನ್ನೊಂದು ಮೊಟ್ಟೆಯಿಟ್ಟರೆ ಒಂಬತ್ತು ಮರಿ. ಹದ್ದಿನ ಬಾಬು ಎರಡು. ಮುಂಗುಸಿಯ ಬಾಬು ಒಂದು. ಮಳೆಯಲ್ಲಿ ನೆನೆದು ಸತ್ತದ್ದು ಒಂದು. ನೆಂಟರ ಬಾಬು ಒಂದು. ಉಳಿದದ್ದು ನಾಲ್ಕು. ಯಾವ ಬ್ಯಾಂಕೂ ಇಷ್ಟು ವಾರಾಕಡ ಬರೆದು ಬಾಗಿಲು ತೆರೆದಿರಲಾರದು. ಆದರೂ ಆ ಸಾಸಿವೆ ಡಬ್ಬಿಯ ದುಡ್ಡಿನಿಂದಲೇ ಅಕ್ಕನ ಬಳೆ, ತಮ್ಮನ ಚಪ್ಪಲಿ, ನಮ್ಮ ಪರೀಕ್ಷೆಯ ಶುಲ್ಕ ಎಲ್ಲವೂ ನಡೆದವು. ಹೊಲ ಅಪ್ಪನ ಹೆಸರಿನಲ್ಲಿತ್ತು, ಮನೆ ತಾತನ ಹೆಸರಿನಲ್ಲಿತ್ತು. ಅವ್ವನ ಹೆಸರಿನಲ್ಲಿ ಇದ್ದದ್ದು ಕೋಳಿಗಳು ಮಾತ್ರ.

ಬೆಂಗಳೂರಿನ ಹೆಬ್ಬಾಳದ ಪಶುವೈದ್ಯಕೀಯ ಕಾಲೇಜಿನವರು ರೂಪಿಸಿದ ಗಿರಿರಾಜ ತಳಿಯ ಮರಿಗಳೂ ಒಮ್ಮೆ ನಮ್ಮ ಮನೆಗೆ ಬಂದವು. ಮೈ ಭಾರ, ಮೊಟ್ಟೆ ನಾಟಿಗಿಂತ ಬಹಳ ಹೆಚ್ಚು. ಆದರೆ ಕಾವಿಗೆ ಕೂರುವ ಬುದ್ಧಿ ಕಡಿಮೆ. ಹದ್ದು ಬಂದರೆ ಓಡುವುದೂ ನಿಧಾನ. "ಮೊಟ್ಟೆಗೆ ಅದು, ಮರಿಗೆ ಇದು" ಎಂದು ಅವ್ವ ಎರಡನ್ನೂ ಇಟ್ಟುಕೊಂಡರು.

ಈಗ ಒಂದು ತಪ್ಪೊಪ್ಪಿಗೆ. ಇದನ್ನು ಹೇಳಿಬಿಡಬೇಕೆಂದೇ ನಾವು ಈ ಭಾಷಣಕ್ಕೆ ಒಪ್ಪಿಕೊಂಡದ್ದು.

ಕೋಳಿಗಳ ದೊಡ್ಡ ಶತ್ರು ಹದ್ದೂ ಅಲ್ಲ, ಮುಂಗುಸಿಯೂ ಅಲ್ಲ, ಕೊಕ್ಕರೆ ರೋಗ. ಇಂಗ್ಲಿಷ್ ಬಲ್ಲವರು ಇದನ್ನು ರಾಣಿಖೇತ್ ರೋಗವೆನ್ನುತ್ತಾರೆ. ಬಂದ ಮೇಲೆ ಇದಕ್ಕೆ ಮದ್ದಿಲ್ಲ. ಬರುವ ಮುಂಚೆ ಲಸಿಕೆ ಹಾಕಿಸಬೇಕು, ಅಷ್ಟೆ. ಆ ಲಸಿಕೆಯ ಒಂದು ಸೀಸೆಯಲ್ಲಿ ನೂರು ಕೋಳಿಗೆ ಆಗುವಷ್ಟು ಇರುತ್ತಿತ್ತು. ಕದಡಿದ ಮೇಲೆ ಒಂದೆರಡು ಗಂಟೆಯೊಳಗೆ ಮುಗಿಸಬೇಕು. ಅಲ್ಲಿಯವರೆಗೆ ಐಸಿನಲ್ಲೇ ಇರಬೇಕು. ಬಿಸಿ ತಗುಲಿದರೆ ಅದು ಬರೀ ನೀರು. ಆದುದರಿಂದ ಕೇರಿಯ ಏಳೆಂಟು ಮನೆಯವರು ಸೇರಿ, ದುಡ್ಡು ಹಾಕಿ, ಒಂದು ಸೀಸೆ ತರಿಸುವುದು ವಾಡಿಕೆ.

2004ನೆಯ ಇಸವಿಯ ಮಾರ್ಚ್ ತಿಂಗಳು. ನಾವು ಒಂಬತ್ತನೆಯ ತರಗತಿ. ಪೇಟೆಯ ಪಶು ಆಸ್ಪತ್ರೆಯಿಂದ ಸೀಸೆ ತರುವ ಕೆಲಸ ನಮ್ಮ ಪಾಲಿಗೆ ಬಂತು. ಅವ್ವ ಫ್ಲಾಸ್ಕು ಕೊಟ್ಟು, "ಐಸು ತುಂಬಿಸ್ಕೊಂಡು ಸೀದಾ ಬಾ ಮಗ, ಎಲ್ಲೂ ನಿಲ್ಬೇಡ" ಎಂದು ಕಳುಹಿಸಿದರು. ಸೀಸೆ ಸಿಕ್ಕಿತು, ಐಸೂ ಸಿಕ್ಕಿತು. ಆದರೆ ಆಗ ಭಾರತದ ಕ್ರಿಕೆಟ್ ತಂಡ ಪಾಕಿಸ್ತಾನದ ಪ್ರವಾಸದಲ್ಲಿತ್ತು. ಬಸ್ ನಿಲ್ದಾಣದ ಎದುರಿನ ಟಿ.ವಿ. ಅಂಗಡಿಯ ಮುಂದೆ ಊರಿಗೆ ಊರೇ ನಿಂತಿತ್ತು. ನಾವೂ ನಿಂತೆವು. ಮೂರು ಬಸ್ಸು ಹೋದವು. ಬಿಸಿಲಿಗೆ ಬಾಯಾರಿದಾಗ ಫ್ಲಾಸ್ಕಿನ ಐಸನ್ನೇ ತೆಗೆದು ಗೆಳೆಯನೊಡನೆ ಕಬ್ಬಿನ ಹಾಲಿಗೆ ಹಾಕಿಕೊಂಡು ಕುಡಿದೆವು. ಮುಸ್ಸಂಜೆಗೆ ಮನೆ ಮುಟ್ಟಿದಾಗ ಕೋಳಿಗಳನ್ನೆಲ್ಲ ಗೂಡಿಗೆ ಸೇರಿಸಿ ಕೇರಿಯವರು ಕಾಯುತ್ತಿದ್ದರು. ನಾವು ಏನೂ ಹೇಳಲಿಲ್ಲ. ಚುಚ್ಚುವುದನ್ನು ಕಲಿತಿದ್ದವರೊಬ್ಬರು ಲಾಟೀನಿನ ಬೆಳಕಿನಲ್ಲಿ ಕೋಳಿಗಳಿಗೆಲ್ಲ ಚುಚ್ಚಿದರು.

ಏಪ್ರಿಲ್ ಕೊನೆಗೆ ರೋಗ ಬಂತು. ಮೊದಲು ಹಸಿರು ಬಿಳುಪಿನ ಹಿಕ್ಕೆ. ಆಮೇಲೆ ಬಾಯಿ ತೆರೆದು ಉಸಿರಾಟ. ಆಮೇಲೆ ರೆಕ್ಕೆ ಜೋತು, ಕತ್ತು ತಿರುಚಿಕೊಂಡು ಬೀಳುವುದು. ನಮ್ಮ ಇಪ್ಪತ್ತಮೂರು ಕೋಳಿಗಳಲ್ಲಿ ನಾಲ್ಕು ಉಳಿದವು. ಕೇರಿಯಲ್ಲಿ ಒಂದೊಂದು ಮನೆಯ ಗೂಡು ಪೂರ್ತಿ ಬರಿದಾಯಿತು. ಹಿಂದಿನ ಮನೆಯ ಒಂಟಿ ಮುದುಕಿಯೊಬ್ಬರು ಸತ್ತ ಹ್ಯಾಟೆಯನ್ನು ಸೆರಗಿನಲ್ಲಿ ಸುತ್ತಿಕೊಂಡು ನಮ್ಮ ಜಗಲಿಯ ಮೇಲೆ ಕೂತದ್ದು ಈಗಲೂ ಕಣ್ಣಿಗೆ ಕಟ್ಟಿದಂತಿದೆ. "ಸೂಜಿ ಹಾಕ್ಸಿದ್ರೂ ಹೋದ್ವಲ್ಲವ್ವ" ಎಂದರು. ನಾವು ಒಳಗೆ ಪುಸ್ತಕ ಹಿಡಿದು ಕೂತಿದ್ದೆವು. ಜೂನ್‌ನಲ್ಲಿ ನಮ್ಮ ಪುಸ್ತಕ, ಬಟ್ಟೆಗೆಂದು ಅವ್ವ ಕಾಲಿನ ಬೆಳ್ಳಿ ಚೈನನ್ನು ಗಿರವಿ ಇಟ್ಟರು.

ಆ ಮೇಲಿನ ಎರಡು ವರ್ಷ ಅವ್ವ ಒಂದು ವಿಚಿತ್ರ ಕೆಲಸ ಮಾಡಿದರು. ಉಳಿದ ನಾಲ್ಕು ಕೋಳಿಗಳಿಂದ ಮರಿ ಮಾಡಿಸಿ, ಅವು ಸ್ವಲ್ಪ ದೊಡ್ಡವಾದ ಕೂಡಲೇ ಮನೆಮನೆಗೆ ಎರಡೆರಡು ಕೊಟ್ಟುಬಂದರು. ಮೊದಲ ಜೋಡಿ ಆ ಮುದುಕಿಗೆ. ನಮ್ಮ ಗೂಡೇ ಖಾಲಿಯಿರುವಾಗ ಈ ದಾನಶೂರತನ ಏತಕ್ಕೆಂದು ಅಪ್ಪ ಗೊಣಗಿದರು. ಅವ್ವ ಉತ್ತರ ಕೊಡಲಿಲ್ಲ.

ಇನ್ನು ಗಿನಿಕೋಳಿಯ ವಿಚಾರ. 2012ರಲ್ಲಿ ತಮ್ಮ ಸ್ನೇಹಿತರೊಬ್ಬರ ತೋಟದಿಂದ ಆರು ಗಿನಿಕೋಳಿ ಮೊಟ್ಟೆ ತಂದ. ಆಫ್ರಿಕಾ ಖಂಡದ ಹಕ್ಕಿ. ಬೂದು ಮೈಮೇಲೆ ಬಿಳಿಯ ಚುಕ್ಕೆ, ತಲೆಯ ಮೇಲೆ ಒಂದು ಕೊಂಬು. ಮೊಟ್ಟೆಯ ಚಿಪ್ಪು ಕಲ್ಲಿನಂತೆ ಗಟ್ಟಿ. ಅವ್ವ ಅವನ್ನು ತಮ್ಮ ಹ್ಯಾಟೆಯ ಕೆಳಗೆ ಕೋಳಿಮೊಟ್ಟೆಗಳ ಜೊತೆಗೇ ಇಟ್ಟರು. ಇಪ್ಪತ್ತೊಂದನೆಯ ದಿನ ಕೋಳಿಮರಿಗಳು ಹೊರಬಂದವು. ಮಾರನೆಯ ದಿನ ಹ್ಯಾಟೆ ಅವನ್ನು ಕರೆದುಕೊಂಡು ಅಂಗಳಕ್ಕಿಳಿಯಿತು. ಗಿನಿಮೊಟ್ಟೆಗಳು ತಣ್ಣಗಾಗಿ ಕೆಟ್ಟವು. ಅವುಗಳಿಗೆ ಇಪ್ಪತ್ತಾರರಿಂದ ಇಪ್ಪತ್ತೆಂಟು ದಿನ ಬೇಕೆಂಬುದು ಯಾರಿಗೆ ಗೊತ್ತಿತ್ತು? ಎರಡನೆಯ ಸಲ ಅವ್ವ ಗಿನಿಮೊಟ್ಟೆಗಳನ್ನು ಮೊದಲಿಟ್ಟು, ಆರು ದಿನ ಬಿಟ್ಟು ಕೋಳಿಮೊಟ್ಟೆ ಸೇರಿಸಿದರು. ಎಲ್ಲ ಹೆಚ್ಚುಕಡಿಮೆ ಒಟ್ಟಿಗೆ ಒಡೆದವು. ಇಂಥ ಲೆಕ್ಕವನ್ನು ನಮಗೆ ಯಾವ ಕಾಲೇಜೂ ಕಲಿಸಲಿಲ್ಲ.

ಗಿನಿಮರಿ ಬಹಳ ನಾಜೂಕು. ಬೆಳಗಿನ ಇಬ್ಬನಿಯಲ್ಲಿ ನೆನೆದರೂ ಸಾಯುತ್ತದೆ. ತಟ್ಟೆಯ ನೀರಿನಲ್ಲಿ ಮುಳುಗಿಯೂ ಸಾಯುತ್ತದೆ. ಅದಕ್ಕೇ ನೀರಿನ ತಟ್ಟೆಗೆ ಬೆಣಚುಕಲ್ಲು ತುಂಬಬೇಕು. ದೊಡ್ಡದಾದ ಮೇಲೆ ಮಾತ್ರ ಅದರಷ್ಟು ಗಟ್ಟಿ ಹಕ್ಕಿ ಇಲ್ಲ. ಗೂಡು ಬೇಡ, ಹಲಸಿನ ಮರದ ಕೊಂಬೆ ಸಾಕು. ಕೋಳಿಯ ಹಾಗೆ ಕೆರೆದು ಸೊಪ್ಪಿನ ಮಡಿ ಹಾಳು ಮಾಡುವುದಿಲ್ಲ. ಹುಳುಗಳನ್ನೂ ಉಣ್ಣೆಗಳನ್ನೂ ಹುಡುಕಿ ತಿನ್ನುತ್ತದೆ. ಮೊಟ್ಟೆಯನ್ನು ಬೇಲಿಯೊಳಗೆ ಕದ್ದು ಇಡುತ್ತದೆ, ಅದೂ ಬೇಸಿಗೆ ಮಳೆಗಾಲಗಳಲ್ಲಿ ಮಾತ್ರ. ಇನ್ನು ಅದರ ಕೂಗು! ಹೊಸಬರು ಬಂದರೆ, ನಾಯಿ ಬಂದರೆ, ಹಾವು ಬಂದರೆ ಇಡೀ ಕೇರಿ ಏಳುವಂತೆ ಅರಚುತ್ತದೆ. "ಇದನ್ನ ತಂದೋನು ಯಾವನು" ಎಂದು ಕೇರಿಯವರು ಶಪಿಸಿದರು. ಒಂದು ರಾತ್ರಿ ಅವುಗಳ ಅರಚಾಟಕ್ಕೆ ಎದ್ದುಹೋದ ಅವ್ವನಿಗೆ ಗೂಡಿನ ಬಾಗಿಲಲ್ಲಿ ನಾಗರಹಾವು ಕಂಡಿತು. ಮರುದಿನದಿಂದ ಶಾಪ ನಿಂತಿತು.

2017ರಲ್ಲಿ ಅಪ್ಪ ತೀರಿಕೊಂಡರು. ಅಷ್ಟರಲ್ಲಿ ತಮ್ಮ ಬೆಂಗಳೂರಿನಲ್ಲಿ ಕೆಲಸಕ್ಕೆ ಸೇರಿದ್ದ. ನಾವೆಲ್ಲ ಕಲಿತ ಮಕ್ಕಳು ಸೇರಿ ನಿಶ್ಚಯಿಸಿದೆವು: ಅವ್ವ ಒಬ್ಬರೇ ಇರಕೂಡದು. 2018ರ ಜನವರಿಯಲ್ಲಿ ಕೋಳಿಗಳನ್ನು ಅಕ್ಕನ ಊರಿಗೆ ಸಾಗಿಸಿ, ಅವ್ವನನ್ನು ಡೊಂಬಿವಲಿಯ ನಮ್ಮ ಮೂರನೆಯ ಮಹಡಿಯ ಮನೆಗೆ ಕರೆತಂದೆವು. ಕುರ್ಚಿ ಕೊಟ್ಟೆವು, ಟಿ.ವಿ. ಹಚ್ಚಿದೆವು, ಮಾತ್ರೆ ತಪ್ಪಿಸಲಿಲ್ಲ. ಅವ್ವ ನಾಲ್ಕು ಗಂಟೆಗೆ ಎದ್ದು ಕತ್ತಲಲ್ಲಿ ಕೂತಿರುತ್ತಿದ್ದರು. ಕಿಟಕಿಯಲ್ಲಿ ನುಚ್ಚು ಚೆಲ್ಲಿದರು, ಪಾರಿವಾಳ ಮುತ್ತಿದವು, ಕಟ್ಟಡದ ಸೊಸೈಟಿಯಿಂದ ನಮಗೆ ಚೀಟಿ ಬಂತು. ನುಚ್ಚು ನಿಂತಿತು. ಅವ್ವನ ಊಟವೂ ಕಡಿಮೆಯಾಯಿತು.

ಮೇ ತಿಂಗಳ ಒಂದು ರಾತ್ರಿ ನಿದ್ದೆ ಬಾರದೆ ಇಬ್ಬರೂ ಕೂತಿದ್ದಾಗ, ಏಕೋ ಏನೋ, ಹದಿನಾಲ್ಕು ವರ್ಷದ ಹಿಂದಿನ ಫ್ಲಾಸ್ಕಿನ ಕಥೆಯನ್ನು ನಾವು ಹೇಳಿಬಿಟ್ಟೆವು. ಅವ್ವ ಸುಮ್ಮನೆ ಕೇಳಿದರು. ಆಮೇಲೆ ಹೇಳಿದರು:

"ಗೊತ್ತಿತ್ತು ಕಣಪ್ಪ. ಮಾರನೆ ದಿನ ಫ್ಲಾಸ್ಕು ತೊಳೆಯೋವಾಗ ಒಳಗೆ ಕಬ್ಬಿನ ಸಿಪ್ಪೆ ಸಿಕ್ತು. ಹೇಳಿದ್ರೆ ಕೇರಿಯೋರು ನಿನ್ನ ಆಡ್ಕೊಳ್ಳೋರು. ಓದೋ ಹುಡುಗ. ಅದ್ಕೇ ಮರಿ ಕೊಟ್ಟು ತೀರಿಸ್ದೆ. ಆದ್ರೆ ಆಗ್ಲೇ ಇನ್ನೊಂದು ಸೀಸೆ ತರಿಸ್ಬೇಕಿತ್ತು. ಬಾಯಿ ಮುಚ್ಕೊಂಡೆ. ಅದು ನಂದೂ ತಪ್ಪು."

ಬ್ಯಾಂಕಿನಲ್ಲಿ ದಿನಕ್ಕೆ ಎಷ್ಟೋ ಸಾಲದ ಕಡತ ನೋಡುತ್ತೇವೆ. ನಮ್ಮ ಹೆಸರಿನ ಒಂದು ಸಾಲವನ್ನು ಎರಡೆರಡು ಮರಿಗಳ ಲೆಕ್ಕದಲ್ಲಿ ಅವ್ವ ಎರಡು ವರ್ಷ ಕಟ್ಟಿದ್ದು ನಮ್ಮ ಯಾವ ಪುಸ್ತಕದಲ್ಲೂ ಇರಲಿಲ್ಲ. ಜಮೆ ಇಲ್ಲದ ಜಾಗದಲ್ಲಿ ಅವರನ್ನು ತಂದು ಕೂರಿಸಿದ್ದೆವೆಂಬುದು ಆಗ ತಿಳಿಯಿತು. ಜೂನ್ ಮೊದಲ ವಾರ ಅವರನ್ನು ಊರಿಗೆ ಬಿಟ್ಟುಬಂದೆವು. ಅಕ್ಕ ಕೋಳಿಗಳನ್ನು ಹಿಂದಕ್ಕೆ ಕಳುಹಿಸಿದಳು. ಗಿನಿಕೋಳಿಗಳು ಎರಡು ದಿನ ಮುನಿಸಿಕೊಂಡು ಆಮೇಲೆ ಹಲಸಿನ ಮರ ಹತ್ತಿದವು.

ಇದು ಸರಿಯಾಯಿತೋ ತಪ್ಪಾಯಿತೋ ಎಂದು ಇಂದಿಗೂ ಕೆಲವು ರಾತ್ರಿ ನಮಗೆ ಯೋಚನೆ ಹತ್ತುತ್ತದೆ. ಅವ್ವ ಬಿದ್ದರೆ ಎತ್ತುವವರು ಕೇರಿಯವರೇ. ಆದರೆ ಆ ಕೇರಿಯ ಪ್ರತಿ ಗೂಡಿನಲ್ಲೂ ಅವ್ವನ ಕೋಳಿಯ ಸಂತಾನವಿದೆ. ಸಭೆಯಲ್ಲಿ ಊರಿನಿಂದ ತಂದೆತಾಯಿಗಳನ್ನು ಕರೆತರಬೇಕೆಂದಿರುವ ಸ್ನೇಹಿತರು ಹಲವರಿದ್ದೀರಿ. ಕರೆತನ್ನಿ, ಬೇಡವೆನ್ನುವುದಿಲ್ಲ. ಅದಕ್ಕೂ ಮುಂಚೆ ಅವರ ಅಂಗಳದಲ್ಲಿ ಏನಿದೆ ಎಂದು ಒಂದು ಸಲ ಲೆಕ್ಕ ಹಾಕಿ. ಊರಿನಲ್ಲಿ ಕೋಳಿಯಿದ್ದರೆ, ಬೇಸಿಗೆಗೆ ಮುಂಚೆ ಲಸಿಕೆ ಹಾಕಿಸಿದಿರಾ ಎಂದು ಫೋನಿನಲ್ಲಿ ಕೇಳಿ. ತರುವ ಹುಡುಗನಿಗೆ ಕಬ್ಬಿನ ಹಾಲಿನ ದುಡ್ಡನ್ನೂ ಬೇರೆಯಾಗಿ ಕೊಡಿಸಿ.

ಕಡೆಯದಾಗಿ ಒಂದು ಮಾತು. ಹ್ಯಾಟೆಯ ರೆಕ್ಕೆಯಡಿ ಬೆಳೆದ ಗಿನಿಮರಿ ದೊಡ್ಡದಾದ ಮೇಲೆ ಕೋಳಿಯಂತೆ ಕೂಗುವುದಿಲ್ಲ. ತನ್ನ ಕೂಗನ್ನೇ ಕೂಗುತ್ತದೆ. ಯಾರೂ ಕಲಿಸಬೇಕಾಗಿಲ್ಲ. ಮರಾಠಿ ಹಿಂದಿಗಳ ಮಡಿಲಲ್ಲಿ ಬೆಳೆಯುವ ನಮ್ಮ ಮಕ್ಕಳೂ ಹಾಗೆಯೇ ಒಂದು ದಿನ ತಾವಾಗಿಯೇ ಕನ್ನಡ ಆಡಿಯಾರೆಂದು ನಾವು ಬಹಳ ದಿನ ನಂಬಿ ಕೂತಿದ್ದೆವು. ಆಗಲಿಲ್ಲ. ಮಕ್ಕಳು ಹಕ್ಕಿಗಳಲ್ಲ, ಅವರಿಗೆ ನಾವು ಆಡಿದರೆ ಮಾತ್ರ ಮಾತು. ಈಗ ಪ್ರತಿ ಭಾನುವಾರ ನಮ್ಮ ಮಗಳು ಫೋನಿನಲ್ಲಿ ಅಜ್ಜಿಯೊಡನೆ ಕೋಳಿಗಳ ಎಣಿಕೆ ತೆಗೆದುಕೊಳ್ಳುತ್ತಾಳೆ. ಹ್ಯಾಟೆ, ಹುಂಜ, ಮಂಕರಿ, ಕಾವು, ನುಚ್ಚು, ಇಷ್ಟು ಮಾತು ಬಂದಿವೆ. ಹಿಂದಿನಿಂದ ಗಿನಿಕೋಳಿಗಳು ಅರಚಿದರೆ ಅಜ್ಜಿಯ ಮಾತು ನಮಗೆ ಕೇಳಿಸುವುದಿಲ್ಲ. ಆಕೆಗೆ ಮಾತ್ರ ಕೇಳಿಸುತ್ತದೆಯಂತೆ.