ರಾತ್ರಿ 11ಕ್ಕೆ ಮುಗಿಯೋ ಮೀಟಿಂಗ್: ತೀರ್ಮಾನ ಯಾರದು?

ಸಂಡೂರು ತಾಲ್ಲೂಕಿನ ಬಂಡ್ರಿಯಿಂದ ಮಾತಾಡ್ತಿದೀನಿ. ಇವತ್ತಿನ ವಿಷಯ ಸಂಘದ ಮೀಟಿಂಗ್. ಸ್ಕಿಪ್ ಮಾಡಬೇಡಿ. ಯುವಕ ಸಂಘ, ಜಾತ್ರೆ ಕಮಿಟಿ, ಶಾಲೆಯ ಎಸ್‌ಡಿಎಂಸಿ, ಹಾಲಿನ ಡೇರಿ ಹೀಗೆ ಯಾವುದಾದ್ರೂ ಒಂದರಲ್ಲಿ ನಿಮ್ಮ ಮನೆಯವರೊಬ್ಬರು ಇದ್ದೇ ಇರ್ತಾರೆ.

ನಮ್ಮ ಕಡೆ ಸಂಜೆ 7ಕ್ಕೆ ಅಂತ ವಾಟ್ಸಾಪ್‌ನಲ್ಲಿ ಹಾಕಿದ ಮೀಟಿಂಗ್ 8 ಆದ್ರೂ ಶುರುವಾಗಲ್ಲ. "ಅಧ್ಯಕ್ಷರು ಇನ್ನೂ ಬಂದಿಲ್ಲ, ಸ್ವಲ್ಪ ತಡ್ಕಳ್ರಿ." ಬಂದ ಮೇಲೆ ಯಾರೋ ಹೋದ ವರ್ಷದ ಪೆಂಡಾಲ್ ಲೆಕ್ಕ ತೆಗೀತಾರೆ. 9ಕ್ಕೆ ಹೆಣ್ಮಕ್ಕಳು ಎದ್ದು ಹೋಗ್ತಾರೆ. ತೋರಣಗಲ್ಲು ಕಡೆ ಬೆಳಗಿನ ಶಿಫ್ಟ್ ಇರೋ ಹುಡುಗರು 10ಕ್ಕೆ ಜಾಗ ಖಾಲಿ ಮಾಡ್ತಾರೆ. 11ಕ್ಕೆ ಉಳಿಯೋದು ನಾಲ್ಕೈದು ಜನ. ಠರಾವು ಪಾಸಾಗೋದು ಆಗಲೇ! ನನ್ನ ತಕರಾರು ಇರೋದು ಇಲ್ಲೇ. ಟೈಮ್ ವೇಸ್ಟ್ ಆಯ್ತು ಅನ್ನೋದು ಸಣ್ಣ ಮಾತು. ಬೆಳಗ್ಗೆ ಬೇಗ ಏಳೋ ಕೆಲಸ ಯಾರಿಗಿಲ್ವೋ ಅವರ ಕೈಗೆ ಸಂಘದ ದುಡ್ಡು ಹೋಗುತ್ತೆ.

ಹಾಗಂತ ಸಭೆ ನಡೆಸೋದು ನಮಗೆ ಗೊತ್ತಿಲ್ಲದ ವಿದ್ಯೆ ಏನಲ್ಲ. ಗದಗ ಜಿಲ್ಲೆಯ ಕಣಗಿನಹಾಳದಲ್ಲಿ 1905ರಲ್ಲೇ ರೈತರು ಪತ್ತಿನ ಸಹಕಾರ ಸಂಘ ಕಟ್ಟಿದ್ರು. ಅಷ್ಟು ದೂರ ಯಾಕೆ, ಅವ್ವ, ಚಿಗವ್ವ ಹೋಗೋ ಸ್ವಸಹಾಯ ಸಂಘ ನೋಡಿ. ನಮ್ಮ ರಾಜ್ಯದಲ್ಲಿ ಸ್ತ್ರೀಶಕ್ತಿ ಯೋಜನೆ ಶುರುವಾಗಿದ್ದು 2000-01ರಲ್ಲಿ. ಈ ಸಂಘಗಳಿಗೆ ಹೇಳಿಕೊಡೋ ಪಂಚಸೂತ್ರದಲ್ಲಿ ಮೊದಲನೇದೇ ನಿಯಮಿತ ಸಭೆ. ಉಳಿತಾಯ, ಸಾಲ, ಮರುಪಾವತಿ, ಪುಸ್ತಕ ಬರೆಯೋದು ಎಲ್ಲ ಆಮೇಲೆ. ಹತ್ತರಿಂದ ಇಪ್ಪತ್ತು ಜನ ದುಂಡಗೆ ಕೂತ್ಕೊಳ್ತಾರೆ. ಹಾಜರಿ ಹಾಕಿ, ಉಳಿತಾಯ ಕಟ್ಟಿ, ಹಳೇ ಸಾಲದ ಕಂತು ತಗೊಂಡು, ಆಮೇಲೆ ಹೊಸ ಸಾಲ ಯಾರಿಗೆ ಬೇಕು ಅಂತ ಕೇಳ್ತಾರೆ. ದುಡ್ಡು ಎಲ್ಲರ ಕಣ್ಣೆದುರೇ ಎಣಿಸ್ತಾರೆ, ಅಲ್ಲೇ ಬರೀತಾರೆ, ಓದಿ ಹೇಳಿ ಸಹಿ ಹಾಕಿಸ್ತಾರೆ. ಒಲೆ ಮೇಲೆ ಅನ್ನ ಇಟ್ಟು ಬಂದವರು ಅವರು, ಹರಟೆಗೆ ಪುರುಸೊತ್ತೆಲ್ಲಿ?

ನಮ್ಮ ಕಮಿಟಿಗಳ ಅಜೆಂಡಾದಲ್ಲಿ ಕೊನೇ ಸಾಲು ಯಾವಾಗಲೂ ಒಂದೇ: "ಅಧ್ಯಕ್ಷರ ಅಪ್ಪಣೆ ಮೇರೆಗೆ ಇತರೆ ವಿಷಯಗಳು." ರಾತ್ರಿ ಉದ್ದ ಆಗೋದೇ ಈ ಸಾಲಿನಿಂದ. ದುಡ್ಡಿನ ವಿಷಯ ಇದರಡಿ ಬರಕೂಡದು ಅಂತ ಒಂದು ಠರಾವು ಮಾಡಿಸಿ ನೋಡಿ. ಖರ್ಚಿನ ವಿಷಯಗಳನ್ನ ಮೂರು ದಿನ ಮುಂಚೆ ಗ್ರೂಪ್‌ಗೆ ಹಾಕಲಿ, ಮೀಟಿಂಗ್‌ನಲ್ಲಿ ಅವೇ ಮೊದಲು ಬರಲಿ, ಎಲ್ಲರೂ ಇರುವಾಗಲೇ. ನಡಾವಳಿ ಪುಸ್ತಕ ಮನೆಗೆ ಒಯ್ದು ಆರಾಮಾಗಿ ಬರೆಯೋ ಕಾರ್ಯದರ್ಶಿ ಮೇಲೆ ಮಾತ್ರ ಒಂದು ಕಣ್ಣಿರಲಿ. ತೀರ್ಮಾನ ಆದ ತಕ್ಷಣ ಅಲ್ಲೇ ಬರೆದು, ಗಟ್ಟಿಯಾಗಿ ಓದಬೇಕು.

"ಬೇಗ ಮುಗಿಸಿದ್ರೆ ಬಾಯಿ ಮುಚ್ಚಿಸಿದಂಗಲ್ವಾ?" ಅಂತ ಗೆಳೆಯನೊಬ್ಬ ಕೇಳಿದ. ಆಗಬಹುದು. ಟೈಮ್ ಆಯ್ತು ಅಂತ ಕಷ್ಟದ ಪ್ರಶ್ನೆ ತಳ್ಳಿಹಾಕೋ ಅಧ್ಯಕ್ಷರೂ ಇದ್ದಾರೆ. ಹಾಗಾದ್ರೆ ಆ ಪ್ರಶ್ನೆನ ಕೇಳಿದವರ ಹೆಸರಿನ ಸಮೇತ ಪುಸ್ತಕಕ್ಕೆ ಬರೆಸಿ. ಮುಂದಿನ ಸಭೆಯಲ್ಲಿ ಅದೇ ಮೊದಲ ವಿಷಯ ಆಗಲಿ.

ನಿಮ್ಮೂರಲ್ಲಿ ಕೊನೇ ಮೀಟಿಂಗ್ ಎಷ್ಟಕ್ಕೆ ಮುಗೀತು, ಆಗ ಎಷ್ಟು ಜನ ಉಳಿದಿದ್ರು? ವಾಯ್ಸ್ ನೋಟ್ ಕಳಿಸಿ.